ಇನ್ನೂ ಕಾಣ್ತಿದೆ

2019ರ ನವೆಂಬರ್ 17, ಬೆಳಿಗ್ಗೆ ಹತ್ತೂವರೆ. ಗಂಡ ಹೆಂಡತಿ ಕೆರೆದಂಡೆಯ ಹೋಮ್‌ಸ್ಟೇಗೆ ಬಂದು ಎರಡನೇ ದಿನ. ಇಬ್ಬರೇ ಎಲ್ಲಿಗಾದರೂ ಹೋಗೋಣವೆಂದು ವರ್ಷಗಟ್ಟಲೆ ದುಂಬಾಲು ಬಿದ್ದವಳು ಅವಳು. ಅವನು ಒಪ್ಪಿದ್ದು ಅಲ್ಲೊಂದು ಕೆರೆಯಿದೆ ಎಂದು ತಿಳಿದ ಮೇಲೆ. ಕೆರೆಗಳ ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯುವುದು ಅವನ ಕೆಲಸ. ಬಂದಾಗಿನಿಂದ, ಚಟ್ನಿ ಕೇಳಿದ್ದು ಬಿಟ್ಟರೆ, ಅವನು ಅವಳೊಡನೆ ಮಾತೇ ಆಡಿರಲಿಲ್ಲ.

ಕೆರೆಯ ನಡುವೆ ದೋಣಿ ನಿಲ್ಲಿಸಿ, ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯೊಂದನ್ನು ನೀರಿಗೆ ಇಳಿಬಿಟ್ಟ.

"ನಾನು ಹಗ್ಗದ ಗುರುತು ನೋಡ್ತಿರ್ತೀನಿ, ನೀನು ತಟ್ಟೆ ನೋಡು. ಕಾಣದೇ ಹೋದ ತಕ್ಷಣ ಹೇಳ್ಬೇಕು."

"ಹೇಳಿದ್ಮೇಲೆ?"

"ಮುಗೀತು. ರೂಮಿಗೆ ಹೋಗಿ ವರದಿ ಬರೀತೀನಿ."

ಅವಳು ನೀರಿನತ್ತ ಬಾಗಿದಳು. ಅವನು ಅಳತೆ ಕೂಗುತ್ತಾ ಹೋದ.

"ಒಂದು ಮೀಟರ್. ಕಾಣ್ತಿದೆಯಾ?"

"ಕಾಣ್ತಿದೆ."

"ಎರಡು?"

"ಕಾಣ್ತಿದೆ ರೀ."

"ಮೂರಾಯ್ತಲ್ಲೇ! ತಮಾಷೆ ಮಾಡ್ತಿಲ್ಲ ತಾನೇ?"

"ನಿಮ್ಮ ಹತ್ರ ತಮಾಷೆ ಮಾಡೋ ಧೈರ್ಯ ನಂಗೆಲ್ಲಿದೆ?"

ಅವನು ನಕ್ಕ. ಗುರುತಿನಿಂದ ಕಣ್ಣು ತೆಗೆಯದೆಯೇ ಜರುಗಿ ಬಂದು ಅವಳ ಭುಜಕ್ಕೆ ಭುಜ ತಾಗಿಸಿ ಕೂತ. ಇಂಥ ತಿಳಿನೀರನ್ನು ಚಿಕ್ಕಂದಿನಲ್ಲಿ ಅಜ್ಜಿಯ ಊರಿನ ಬಾವಿಯಲ್ಲಿ ನೋಡಿದ್ದೆ ಅಂದ. ಆ ಬಾವಿಗೆ ಬಿದ್ದ ತನ್ನ ಚಡ್ಡಿಯ ಕತೆ ಹೇಳಿದ. ಅದನ್ನು ಅವಳು ಎಂದೂ ಕೇಳಿರಲಿಲ್ಲ.

"ಇಂದೂ, ನಾಲ್ಕು ಮೀಟರ್ ಕಣೇ! ಇನ್ನೂ?"

"ಇನ್ನೂ ಕಾಣ್ತಿದೆ," ಎಂದಳು.

ತಟ್ಟೆ ಅವಳ ಕಣ್ಣಿಗೆ ಮರೆಯಾದದ್ದು ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರಿನಲ್ಲಿ.