ಬರಿಗೊರಳು

ಗಂಡನ ಬೆನ್ನಿಗೆ ನೀರು ಹಾಕುತ್ತಿದ್ದ ಕಾಶೆವ್ವನ ಕೈಯಿಂದ ತಂಬಿಗೆ ಜಾರಿತು. ಅವನ ಕೊರಳಲ್ಲಿ ಲಿಂಗವಿರಲಿಲ್ಲ.

“ಎಲ್ರಿ ಲಿಂಗ?”

ಚನಬಸಪ್ಪ ಮುಖ ಒರೆಸಿಕೊಂಡ.

ಆರು ತಿಂಗಳಿಂದ ದಾಂಡೇಲಿಯಲ್ಲಿದ್ದವನು ಅಂದೇ ಊರಿಗೆ ಬಂದಿದ್ದ. ಕಾಗದದ ಕಾರ್ಖಾನೆಯ ಕ್ರೈಸ್ತರು ಕಟ್ಟಿಸಿದ ಹೊಸ ಇಗರ್ಜಿಗೆ ಸಾಗವಾನಿಯ ಪೂಜಾಪೀಠ, ಬೆಂಚುಗಳು, ಆಳೆತ್ತರದ ಶಿಲುಬೆ ಎಲ್ಲವೂ ಅವನ ಕೈಕೆಲಸ. ಮಳಗಿಯ ಲಿಂಗವಂತ ಬಡಿಗ ಯೇಸುವಿಗೆ ಪೀಠ ಮಾಡಿದ್ದಕ್ಕೆ ಊರು ಮುಖ ಗಂಟಿಕ್ಕಿರಲಿಲ್ಲ. ಈಗ ಸಂಜೆಯೊಳಗೆ ಸುದ್ದಿ ಮನೆಮನೆಗೆ ಮುಟ್ಟಿತು. ಇಂಥ ಮಾತು ಬಚ್ಚಲಿನಲ್ಲೇ ಉಳಿಯುವುದುಂಟೇ?

ಕಾಶೆವ್ವನ ಸಂಕಟ ಹಳೆಯದು. ಮೂರು ವರ್ಷದ ಹಿಂದೆ ಹಿರಿಮಗಳು ಸುಶೀಲವ್ವ ತನ್ನ ಲಿಂಗವನ್ನು ದೇವರ ಜಗುಲಿಯ ಮೇಲಿಟ್ಟು, ಕ್ರೈಸ್ತ ಡ್ರೈವರನೊಬ್ಬನ ಕೈಹಿಡಿದು ಹೋಗಿದ್ದಳು. ಪಂಚಮಿಗಾದರೂ ಬಂದಾಳೆಂದು ತಾಯಿ ಪ್ರತಿ ವರ್ಷ ಉಂಡಿ ಕಟ್ಟಿ ಡಬ್ಬಿ ತುಂಬುತ್ತಿದ್ದಳು.

“ಮಗಳ ಹಿಂದ ನೀವೂ ಹೊಂಟ್ರೇನು?”

“ಆಕಿ ಹೋದ ದಾರಿ ನನಗ ಇನ್ನೂ ಸಿಕ್ಕಿಲ್ಲ” ಎಂದ ಚನಬಸಪ್ಪ.

ಮರುದಿನ ಮಠದ ಕಟ್ಟೆಯ ಮೇಲೆ ಪಂಚಾಯ್ತಿ ಕೂತಿತು. ಇಗರ್ಜಿಗೆ ಮರ ಸಾಗಿಸುತ್ತಿದ್ದ ಗಾಡಿಯ ಶಂಕ್ರಪ್ಪ ಸಾಕ್ಷಿ ಹೇಳಿದ.

“ಕಿಟಕ್ಯಾಗಿಂದ ಕಂಡೇನ್ರಿ. ಪೀಠದ ಮುಂದ ಮೊಣಕಾಲೂರಿ ಕುಂತಿದ್ದ, ಬಾಜೂಕ ಪಾದ್ರಿ. ತಾನ ಕೊಳ್ಳಾಗಿನ ಲಿಂಗ ಬಿಚ್ಚಿ ಮುಂದ ಬಗ್ಗಿದ. ಬೆಂಚಿನ ಮರಿಗೆ ಮುಂದಿಂದು ಕಾಣಲಿಲ್ಲ. ಆಮ್ಯಾಲ ಪಾದ್ರಿ ಇವನ ತಲಿ ಮ್ಯಾಲ ಕೈ ಇಟ್ಟ. ಇಂವ ಅಳಾಕತ್ತಿದ್ದ.”

ಜನ ತಲೆಯಾಡಿಸಿದರು. ಜಾತಿ ಬಿಡುವವನಿಗೆ ಅಳು ಬಾರದೇ?

ಮಠದ ಅಡಿವೆಯ್ಯ ಕೆಟ್ಟ ಮನುಷ್ಯನಲ್ಲ. “ಆದದ್ದು ಆತು, ಚನಬಸಪ್ಪ. ಲಿಂಗ ಎಲ್ಲಿ ಇಟ್ಟಿ ಹೇಳು. ತರಿಸಿ ನನ್ನ ಕೈಲೆ ಕಟ್ಟತೇನಿ. ಮದುವಿನೂ ನಿಲ್ಲೂದಿಲ್ಲ.”

ಕಿರಿಮಗಳು ಶಿವವ್ವನ ಮದುವೆಗೆ ಹನ್ನೆರಡೇ ದಿನ ಉಳಿದಿತ್ತು. ಪಾಳಾ ಊರಿನ ಬೀಗರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: ಆ ಲಿಂಗ ಕೊರಳಿಗೆ ಬರಬೇಕು, ಇಲ್ಲವೇ ಅಪ್ಪ ಮನೆ ಬಿಡಬೇಕು.

ಚನಬಸಪ್ಪ ಹೆಂಗಸರ ನಡುವೆ ನಿಂತಿದ್ದ ಹೆಂಡತಿಯನ್ನು ನೋಡಿದ.

“ಅದನ್ನ ತರಾಕ ಬರೂದಿಲ್ರಿ, ಅಜ್ಜಾರ. ನಾನ ಹೋಗ್ತೇನಿ.”

ಮನೆಗೆ ಬಂದೊಡನೆ ಕಾಶೆವ್ವ ಅವನ ಉಳಿ, ಬಾಚಿಗಳ ಚೀಲವನ್ನು ಅಂಗಳಕ್ಕೆ ಎಸೆದಳು. ಇಪ್ಪತ್ತೈದು ವರ್ಷ ಬಾಳಿದ ಗಂಡನ ಮೇಲೆ ಅವಳಿಗೆ ಹೇಸಿಗೆ ಬಂದಿತ್ತು.

“ನಾಳೆ ಸುಶೀಲಾ ಬಂದ್ರ ಏನಂತ ಹೇಳ್ಲಿ? ನಿಮ್ಮಪ್ಪ ಜಾತಿ ಬಿಟ್ಟ ಓಡಿಹೋದ ಅಂತ ಹೇಳ್ಲೇನು?”

ಅವನು ಚೀಲ ಎತ್ತಿಕೊಂಡ. “ಹಂಗ ಹೇಳು.”

ದಾಂಡೇಲಿಯ ಬಸ್ಸಿನಲ್ಲಿ ಅವನ ಪಕ್ಕ ಊರಿನವರು ಯಾರೂ ಕೂರಲಿಲ್ಲ. ಲಿಂಗ ಎಲ್ಲಿದೆ ಎಂಬುದು ಮಠದ ಅಯ್ಯನಿಗೆ ಹೇಳಬಹುದಾದ ಮಾತೇ ಆಗಿತ್ತು. ಕಾಶೆವ್ವನ ಕಿವಿಗೆ ಬೀಳಬಾರದಷ್ಟೆ.

ಅದು ಇಗರ್ಜಿಯ ಹಿಂದಿನ ಮಣ್ಣಿನಲ್ಲಿ, ಅವನೇ ಮಾಡಿದ ಸಾಗವಾನಿಯ ಪೆಟ್ಟಿಗೆಯೊಳಗೆ, ಹೆರಿಗೆಯಲ್ಲಿ ತೀರಿಕೊಂಡ ಸುಶೀಲವ್ವನ ಎಡ ಅಂಗೈಯಲ್ಲಿತ್ತು.