ಸೀಮೆಸುಣ್ಣದ ಹಳಿ

ಸೀಮೆಸುಣ್ಣದ ವಾಸನೆ ಬಂದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆಟದ ರೈಲು ತಂದುಕೊಡ್ತೀನಿ ಅಂದಿದ್ದ ಅಪ್ಪ ಆ ಮಧ್ಯಾಹ್ನ ನನ್ನ ಕೈಗೆ ಸೀಮೆಸುಣ್ಣ ಕೊಟ್ಟ. "ಮೊದ್ಲು ಹಳಿ ಎಲ್ಲಿ ಬರ್ಬೇಕು ಅಂತ ನೆಲದ ಮೇಲೆ ಬರ್ಕೊ. ಬೀದಿ ಬಾಗ್ಲಿಂದ ಹಿತ್ಲವರ್ಗೂ, ನಟ್ಟನಡುವೆ, ನೆಟ್ಗೆ ಎಳಿ."

ಕೆಂಪು ಗಾರೆಯ ತಣ್ಣನೆ ನೆಲದಲ್ಲಿ ಮಂಡಿಯೂರಿ ಎಳೆದೆ. ಚಿಕ್ಕಪ್ಪನ ಕೋಣೆಯ ಮುಂದೆ ಸ್ಟೇಷನ್ ಬರೆಯುವಾಗ ಅವನೇ ಬಂದು ನಿಂತ.

"ಮನೆ ಭಾಗ ಮಾಡೋಕೆ ಮಗಳ ಕೈಲಿ ಗೆರೆ ಎಳಿಸ್ತೀಯೇನಣ್ಣಾ?"

"ಇದು ರೈಲು, ಚಿಕ್ಕಪ್ಪಾ" ಅಂದೆ.

"ನಮ್ ಕೃಷ್ಣಗಿರಿ ಪ್ಯಾಟೆಗೇ ರೈಲಿಲ್ಲ, ಈ ಮನೇಗ್ ಬತ್ತದಾ?" ಎಂದು ಕಾಲಲ್ಲಿ ಉಜ್ಜಲು ಬಂದ.

ಅಪ್ಪ ಅಡ್ಡ ನಿಂತ. "ಎಳ್ದಾಯ್ತಲ್ಲ, ಹಂಗೇ ಇರ್ಲಿ ಬಿಡ್ಲಾ."

ಮುಂದಿನ ತಿಂಗಳು ಗೋಡೆ ಆ ಗೆರೆಯ ಮೇಲೇ ಎದ್ದಿತು. ರೈಲು ಮಾತ್ರ ಅಪ್ಪ ತರಲೇ ಇಲ್ಲ.