ಭೂತಮ್ಮನ ಸೆರಗು

"ಸುಣ್ಣ ಹಾಕ್ಬೇಡ ಭೂತಕ್ಕಾ, ಪಾಚಿ ಸತ್ತೋಯ್ತದೆ!" ಎಂದು ಕೂಗುತ್ತ ನಯನ ತನ್ನ ಕೊಬ್ಬರಿ ಪುಡಿ ಫ್ಯಾಕ್ಟರಿಯಿಂದ ಓಡಿಬಂದಳು. ಪಕ್ಕದ ತೋಟದ ಭೂತಮ್ಮ ಒಂದು ಕೈಯಲ್ಲಿ ಸುಣ್ಣದ ಬಕೆಟ್ಟು ಹಿಡಿದು, ಇನ್ನೊಂದರಲ್ಲಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೊಳಚೆ ತೊಟ್ಟಿಯ ಕಟ್ಟೆಗೆ ಬಂದಾಗಿತ್ತು.

"ಸಾಯ್ಲಿ ಬುಡು! ಮೊದ್ಲು ಬರೀ ನಾತ ಇತ್ತು, ಈಗ ಪಾಚೀನೂ ಬೆಳೆಸ್ತಿದ್ದೀಯ."

"ಕೊಳೆ ತಿನ್ಲಿ ಅಂತಾನೇ ಬುಟ್ಟಿರೋದು ಕಣಕ್ಕಾ. ಕಣ್ಣಿಗೂ ಕಾಣದಷ್ಟು ಸಣ್ಣ ಪಾಚಿ ಅದು."

ಭೂತಮ್ಮ ಕೇಳಲಿಲ್ಲ. ಕಾಯಿ ತೊಳೆದ ನೀರು ಹುಳಿ ಬಂದು ನಾರುವ ಈ ತೊಟ್ಟಿಯ ಹತ್ತಿರ ಅವಳು ಸೆರಗಿಲ್ಲದೆ ಉಸಿರಾಡಿ ವರ್ಷಗಳೇ ಆಗಿದ್ದವು. ಆದರೆ ತುಂಬಿದ ಬಕೆಟ್ಟನ್ನು ಬೋರಲು ಹಾಕಲು ಒಂದು ಕೈ ಸಾಲದು. ಸೆರಗು ಬಿಟ್ಟು ಎರಡೂ ಕೈಯಲ್ಲಿ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಮೂಗರಳಿಸಿ ಉಸಿರೆಳೆದಳು. ನಂಬಿಕೆ ಬರದೆ, ಬಕೆಟ್ಟನ್ನು ಕಟ್ಟೆಗೆ ಆನಿಸಿ, ಹಸಿರು ನೀರಿನ ಹತ್ತಿರಕ್ಕೇ ಬಗ್ಗಿ ಇನ್ನೊಮ್ಮೆ ಎಳೆದಳು. ನೆನೆದ ಹುಲ್ಲಿನ ವಾಸನೆ, ಅಷ್ಟೆ.

ಬಕೆಟ್ಟನ್ನು ಮೆಲ್ಲಗೆ ನೆಲಕ್ಕಿಳಿಸಿದಳು.

"ನಯನಾ, ನಮ್ಮ ಕೊಟ್ಟಿಗೆ ಗುಂಡೀಗೂ ಒಂದ್ ಚೊಂಬು ಈ ಪಾಚಿ ನೀರು ಹೆಪ್ಪಿಗೆ ಕೊಡೇ."